ಮೋಟರ್‌ಹೋಮ್‌ನಲ್ಲಿ ನೀಲಗಿರಿ ಕೆರೆಗಳಿಗೆ: ಹೊರಡುವ ಮೊದಲು ಓದಿ

ಎಲ್ಲರಿಗೂ ನಮಸ್ಕಾರ. ಶುಕ್ರವಾರ ಬೆಳಗ್ಗೆ 4 ಗಂಟೆಗೆ ಮಂಗಳೂರಿನ ಪಂಪ್‌ವೆಲ್‌ನಿಂದ ಹೊರಡುತ್ತೇವೆ. ಇಷ್ಟು ಬೇಗ ಯಾಕೆ ಅಂತ ಕೇಳಿದ್ದಿರಿ ಅಲ್ವಾ? ಬಂಡೀಪುರ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್, ಅದು ಮುಚ್ಚುವ ಮೊದಲೇ ದಾಟಬೇಕು. ದಾರಿಯಲ್ಲಿ ಸಂಪಾಜೆ ಘಾಟಿಯಲ್ಲಿ ನಮ್ಮ ಮೋಟರ್‌ಹೋಮ್, ಅಂದರೆ ಒಳಗೇ ಅಡುಗೆ ಮಾಡಿ ಮಲಗಬಹುದಾದ ದೊಡ್ಡ ಗಾಡಿ, ನಿಧಾನಕ್ಕೇ ಹತ್ತುತ್ತದೆ.

ಊಟಿಗೆ ಇ-ಪಾಸ್ (ಗಾಡಿಗೆ ಆನ್‌ಲೈನ್‌ನಲ್ಲಿ ಪಡೆಯುವ ಅನುಮತಿ) ಬೇಕು, ಅದನ್ನು ನಾನೇ ಮಾಡಿಸುತ್ತೇನೆ. ಪ್ಲಾಸ್ಟಿಕ್ ನೀರಿನ ಬಾಟಲಿ ತರಲೇಬೇಡಿ, ನೀಲಗಿರಿಯಲ್ಲಿ ನಿಷೇಧ ಇದೆ. ಸ್ಟೀಲ್ ಬಾಟಲಿ ಸಾಕು.

ಊಟಿಯ ಕೆರೆಯಲ್ಲಿ ಮೇ ತಿಂಗಳು ಜನ ಜಾಸ್ತಿ. 1824ರಲ್ಲಿ ಬ್ರಿಟಿಷ್ ಕಲೆಕ್ಟರ್ ಜಾನ್ ಸಲಿವನ್ ಕಟ್ಟಿಸಿದ್ದು, ಒಮ್ಮೆ ನೋಡಿ ಮುಂದೆ ಹೋಗೋಣ. ನನ್ನ ಮನಸ್ಸಿರುವುದು ಎಮರಾಲ್ಡ್ ಕೆರೆ ಕಡೆ. ಚಹಾ ತೋಟಗಳ ನಡುವೆ ತಣ್ಣಗೆ ಮಲಗಿರುವ ನೀರು. ಸುತ್ತ ನೀಲಗಿರಿಯ ಬಡಗ ಸಮುದಾಯದವರ ಊರುಗಳು, ಅವರ ಮಾತು ಕನ್ನಡಕ್ಕೆ ಎಷ್ಟು ಹತ್ತಿರ ಅಂತ ಕೇಳಿಯೇ ತಿಳಿಯಬೇಕು. ಈ ಕೆರೆ ಕುಂದಾ ವಿದ್ಯುತ್ ಯೋಜನೆಯ ಜಲಾಶಯ, ಈಜಲು ಇಳಿಯಬೇಡಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಹೋದ ವರ್ಷ ಸಿಂಕ್‌ನ ಪೈಪ್ ಸಡಿಲವಾಗಿ, ಗಂಜಿ ಪಾತ್ರೆ ತೊಳೆದ ನೀರು ಗಾಡಿಯ ಕೆಳಗಿನಿಂದ ಹುಲ್ಲಿನ ಮೇಲೆ ಬಿಳಿ ಗೆರೆಯಾಗಿ ಕೆರೆಯತ್ತ ಹರಿದಿತ್ತು. ನನಗೆ ತುಂಬಾ ಬೇಸರವಾಯಿತು. ಈ ಸಲ ಪೈಪಿನ ಕೆಳಗೆ ಬಕೆಟ್ ಇಡುತ್ತೇವೆ. ಕೊಳೆ ನೀರನ್ನು ತಂಗುವ ಜಾಗದ ಚರಂಡಿಗೇ ಹಾಕಬೇಕು.

ಇಳಿಯುವಾಗ ಎರಡನೇ ಗೇರ್, ಬ್ರೇಕ್ ಒತ್ತುತ್ತಲೇ ಇರುವುದು ಬೇಡ. ಊಟಿ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ನಮ್ಮ ಸೆಕೆ ನೋಡಿ ಸ್ವೆಟರ್ ಬಿಟ್ಟು ಬರಬೇಡಿ. ಕುಚ್ಚಲಕ್ಕಿ, ಉಪ್ಪಿನಕಾಯಿ ನಾನು ತರುತ್ತೇನೆ. ಬರುವವರು ಬುಧವಾರದೊಳಗೆ ಇಲ್ಲೇ ಹೆಸರು ಹಾಕಿ.