ಲೋಗೊ ಮತ್ತು ಲೇಬಲ್ ಫೈಲುಗಳ ಸ್ವೀಕಾರದಲ್ಲಿ ಬದಲಾವಣೆ ಕುರಿತು

ಚಿಕ್ಕಮಗಳೂರು

ಮಾನ್ಯ ಗ್ರಾಹಕರೇ,

ನಮಸ್ಕಾರಗಳು. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಲೋಗೊಗಳನ್ನು ಹಾಗೂ ಹಿನ್ನೆಲೆ ತೆಗೆದ ಚಿತ್ರಗಳನ್ನು ನಮ್ಮ ಮುದ್ರಣಾಲಯವು ಜೆಪಿಜಿ ರೂಪದಲ್ಲಿ ಸ್ವೀಕರಿಸುವುದಿಲ್ಲ. ಅವುಗಳನ್ನು ಪಾರದರ್ಶಕ ಹಿನ್ನೆಲೆಯ ಪಿಎನ್‌ಜಿ ಫೈಲಾಗಿ ಅಥವಾ ಲೇಯರ್‌ಗಳು (ಒಂದರ ಮೇಲೊಂದು ಇಟ್ಟ, ಬೇರೆಬೇರೆಯಾಗಿ ತಿದ್ದಬಹುದಾದ ಪದರಗಳು) ಹಾಗೆಯೇ ಉಳಿದಿರುವ ಪಿಎಸ್‌ಡಿ, ಅಂದರೆ ಫೋಟೊಶಾಪ್ ಸಾಫ್ಟ್‌ವೇರ್‌ನ ಫೈಲಾಗಿ ಕೊಡಬೇಕೆಂದು ಕೋರುತ್ತೇವೆ. ಇದರೊಂದಿಗೆ, ನಮ್ಮಲ್ಲಿಯೇ ಡಿಸೈನ್ ಮಾಡಿಸಿದ ಕೆಲಸದ ಲೇಯರ್ ಫೈಲನ್ನು ಇನ್ನು ಮುಂದೆ ಬಿಲ್ಲಿನ ಜೊತೆಗೆ ತಮಗೇ ಒಪ್ಪಿಸಲಿದ್ದೇವೆ. ಇದಕ್ಕೆ ಪ್ರತ್ಯೇಕ ಶುಲ್ಕವಿಲ್ಲ.

ಕಾರಣ ಸರಳವಾಗಿದೆ. ಜೆಪಿಜಿ ಫೈಲಿನಲ್ಲಿ ಬಣ್ಣವನ್ನು ಬರೆದಿಡಲು ಅವಕಾಶವಿದೆಯೇ ಹೊರತು ‘ಇಲ್ಲಿ ಏನೂ ಇಲ್ಲ’ ಎಂದು ಬರೆದಿಡಲು ಅವಕಾಶವಿಲ್ಲ. ಪಿಎನ್‌ಜಿಯಲ್ಲಿ ಪ್ರತಿ ಪಿಕ್ಸೆಲ್‌ಗೆ (ಚಿತ್ರದ ಒಂದೊಂದು ಚುಕ್ಕೆಗೆ) ಕೆಂಪು, ಹಸಿರು, ನೀಲಿಯ ಮೂರು ಸಂಖ್ಯೆಗಳಲ್ಲದೆ ಆಲ್ಫಾ ಎಂಬ ನಾಲ್ಕನೆಯ ಸಂಖ್ಯೆಯನ್ನೂ ಇಡಬಹುದು. ಸಾಮಾನ್ಯವಾಗಿ ಅದು 0 ಇದ್ದರೆ ಪಿಕ್ಸೆಲ್ ಪೂರ್ತಿ ಪಾರದರ್ಶಕ, 255 ಇದ್ದರೆ ಪೂರ್ತಿ ಗಟ್ಟಿ. ಹಿನ್ನೆಲೆಯಿಲ್ಲದ ಲೋಗೊವನ್ನು ಜೆಪಿಜಿಯಾಗಿ ಉಳಿಸಿದಾಗ ಖಾಲಿ ಜಾಗಕ್ಕೆ ಸಾಫ್ಟ್‌ವೇರ್ ಬಹುಮಟ್ಟಿಗೆ ಬಿಳಿ ಬಣ್ಣವನ್ನೇ ತುಂಬುತ್ತದೆ. ಮೊಬೈಲಿನ ಬಿಳಿ ಪರದೆಯ ಮೇಲೆ ಆ ಬಿಳಿ ಚೌಕ ಕಣ್ಣಿಗೆ ಬೀಳುವುದಿಲ್ಲ. ಕಾಫಿ ಪುಡಿ ಪೊಟ್ಟಣದ ಕಡುಕಂದು ಬಣ್ಣದ ಮೇಲೆ ಮಾತ್ರ ಎದ್ದು ಕಾಣುತ್ತದೆ.

0 ಮತ್ತು 255ರ ನಡುವಿನ ಸಂಖ್ಯೆಗಳೇ ನಮ್ಮ ಕೆಲಸದಲ್ಲಿ ಹೆಚ್ಚು ಮುಖ್ಯ. ಕಾಫಿ ಲೇಬಲ್‌ಗಳಲ್ಲಿ ಬಹಳ ಮಂದಿ ಕೇಳುವ, ಲೋಟದಿಂದ ಏಳುವ ಹಬೆಯನ್ನೇ ನೋಡಿ: ಅದರ ಬುಡದಲ್ಲಿ ಆಲ್ಫಾ ಸುಮಾರು 120 ಇದ್ದು, ಮೇಲೇರಿದಂತೆ 60ಕ್ಕೆ, 20ಕ್ಕೆ ಇಳಿದು ಕೊನೆಗೆ ಇಲ್ಲವಾದರೆ ಮಾತ್ರ ಅದು ಹಬೆಯಂತೆ ಕಾಣುತ್ತದೆ. ಒಂದೇ ಒತ್ತಿಗೆ ಹಿನ್ನೆಲೆ ತೆಗೆಯುವ ಆ್ಯಪ್‌ಗಳು ಸಾಮಾನ್ಯವಾಗಿ ಹಬೆಯನ್ನು ಪೂರ್ತಿ ನುಂಗುತ್ತವೆ, ಇಲ್ಲವೇ ಹತ್ತಿಯ ಉಂಡೆಯಂತೆ ಉಳಿಸುತ್ತವೆ. ತಲೆಗೂದಲಿನ ಅಂಚಿನಲ್ಲಿಯೂ ಇದೇ ತೊಂದರೆ. ಅಲ್ಲಿನ ಪಿಕ್ಸೆಲ್‌ಗಳಲ್ಲಿ ಕೂದಲಿನ ಬಣ್ಣದೊಂದಿಗೆ ಹಳೆಯ ಹಿನ್ನೆಲೆಯ ಬಣ್ಣವೂ ಬೆರೆತಿರುವುದರಿಂದ, ಗಾಢ ಬಣ್ಣದ ಫ್ಲೆಕ್ಸ್‌ಗೆ ತಂದು ಕೂರಿಸಿದಾಗ ತಲೆಯ ಸುತ್ತ ತೆಳು ಬಿಳಿ ಗೆರೆಯೊಂದು ಉಳಿದುಬಿಡುತ್ತದೆ. ಇದನ್ನು ಕೈಯಿಂದಲೇ ಸರಿಪಡಿಸಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಆದ್ದರಿಂದ ಹಿನ್ನೆಲೆ ತೆಗೆಯುವ ಕೆಲಸಕ್ಕೆ ಇನ್ನು ಮುಂದೆ ಬೇರೆಯಾಗಿ ದರ ಹಾಕಲಾಗುವುದು; ಎಷ್ಟೆಂದು ಕೆಲಸ ಶುರು ಮಾಡುವ ಮುನ್ನವೇ ತಿಳಿಸುತ್ತೇವೆ.

ಫೈಲಿನ ಹೆಸರಿನ ಕೊನೆಯಲ್ಲಿ ಜೆಪಿಜಿ ಎಂಬುದನ್ನು ಅಳಿಸಿ ಪಿಎನ್‌ಜಿ ಎಂದು ಬರೆದರೆ ಹಿನ್ನೆಲೆ ಹೋಗುವುದಿಲ್ಲ. ಹಾಗೆಯೇ ಅಂತರ್ಜಾಲದಿಂದ ಇಳಿಸಿಕೊಂಡ ಚಿತ್ರದ ಹಿಂದೆ ಬೂದು-ಬಿಳಿ ಚೌಕುಳಿ ಕಂಡ ಮಾತ್ರಕ್ಕೆ ಅದು ಪಾರದರ್ಶಕವೆಂದು ತಿಳಿಯಬೇಡಿ. ಆ ಚೌಕುಳಿಯು ಖಾಲಿ ಜಾಗವನ್ನು ತೋರಿಸಲು ಸಾಫ್ಟ್‌ವೇರ್ ಬಳಸುವ ಗುರುತಷ್ಟೇ. ಎಷ್ಟೋ ಚಿತ್ರಗಳಲ್ಲಿ ಅದು ಚಿತ್ರದೊಳಗೇ ಅಚ್ಚಾಗಿ ಸೇರಿಕೊಂಡಿರುತ್ತದೆ. ಚಿತ್ರದ ಕೆಳಗೆ ಕೆಂಪು ಬಣ್ಣದ ಲೇಯರ್ ಒಂದನ್ನು ಇಟ್ಟು ನೋಡಿದರೆ ನಿಜ ತಿಳಿಯುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವವರು ಫೋಟೊ ಎಂದಲ್ಲದೆ ಡಾಕ್ಯುಮೆಂಟ್ ಎಂದು ಕಳುಹಿಸಬೇಕು, ಇಲ್ಲದಿದ್ದರೆ ಸರಿಯಾದ ಪಿಎನ್‌ಜಿಯೂ ದಾರಿಯಲ್ಲೇ ಪಾರದರ್ಶಕತೆಯನ್ನು ಕಳೆದುಕೊಳ್ಳುತ್ತದೆ.

ಇನ್ನು ಲೇಯರ್‌ಗಳ ವಿಷಯ. 1994ರಲ್ಲಿ ಬಂದ ಫೋಟೊಶಾಪ್ 3.0 ಆವೃತ್ತಿಯಿಂದ ಆ ಸಾಫ್ಟ್‌ವೇರ್‌ನಲ್ಲಿ ಲೇಯರ್‌ಗಳಿವೆ. ಆದರೂ ಡಿಸೈನ್ ಮುಗಿದ ಮೇಲೆ ಎಲ್ಲವನ್ನೂ ಒಂದಾಗಿ ಬೆಸೆದ ಫೈಲನ್ನು ಮಾತ್ರ ಗ್ರಾಹಕರ ಕೈಗೆ ಕೊಡುವ ರೂಢಿ ನಮ್ಮ ಕಸುಬಿನಲ್ಲಿ ಉಳಿದುಬಂದಿದೆ. ಕಾಫಿ ಪುಡಿಯ ಬೆಲೆ ಬದಲಾದಾಗ ಅದರ ಪೆಟ್ಟು ಗೊತ್ತಾಗುತ್ತದೆ. ಲೇಯರ್ ಇದ್ದರೆ ಬೆಲೆಯ ಸಾಲೊಂದನ್ನು ತಿದ್ದಿದರೆ ಸಾಕು. ಬೆಸೆದ ಫೈಲಿನಲ್ಲಾದರೆ ಹಳೆಯ ಅಂಕಿಯನ್ನು ಅಳಿಸಿ, ಅದರ ಹಿಂದಿದ್ದ ತೋಟದ ಚಿತ್ರದ ತುಣುಕನ್ನು ಹೊಸದಾಗಿ ಬರೆಯಬೇಕಾಗುತ್ತದೆ. ಅಷ್ಟು ಕೆಲಸಕ್ಕೆ ಗ್ರಾಹಕರು ಮತ್ತೆ ಹಣ ಕೊಡುವುದು ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ. ಲೇಯರ್ ಫೈಲು ತಮ್ಮ ಬಳಿಯೇ ಇದ್ದರೆ ಮರುಮುದ್ರಣವನ್ನು ಬೇರೆ ಕಡೆ ಮಾಡಿಸುವುದಕ್ಕೂ ತಾವು ಸ್ವತಂತ್ರರು.

ಎರಡು ಎಚ್ಚರಿಕೆಗಳು ಅಗತ್ಯ. ನೆರಳಿಗಾಗಿ ಮಲ್ಟಿಪ್ಲೈ ಮುಂತಾದ ಬ್ಲೆಂಡ್ ಮೋಡ್ ಬಳಸಿದ್ದರೆ ಪಿಎಸ್‌ಡಿಯನ್ನೇ ಕೊಡಿ, ಏಕೆಂದರೆ ಕೆಳಗಿನ ಬಣ್ಣದೊಂದಿಗೆ ಲೇಯರ್ ಹೇಗೆ ಬೆರೆಯಬೇಕೆಂಬ ಸೂಚನೆ ಪಿಎನ್‌ಜಿಯಲ್ಲಿ ಉಳಿಯುವುದಿಲ್ಲ. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟ್‌ಗಳಂಥ, ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ) ಅಲ್ಲದ ಫಾಂಟ್‌ನಲ್ಲಿ ಅಕ್ಷರ ಜೋಡಿಸಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಪಠ್ಯವನ್ನು ತಿದ್ದಲು ಹೋದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿಕೊಂಡು ಕಾಣುತ್ತವೆ. ಆದ್ದರಿಂದ ಫಾಂಟ್ ಫೈಲನ್ನೂ ಜೊತೆಗೆ ಕೊಡಿ.

ಮದುವೆ ಆಲ್ಬಂ, ಹೋಂಸ್ಟೇ ಕೈಪಿಡಿ ಮುಂತಾದವುಗಳಿಗೆ ಬೇಕಾದ ಸಾಮಾನ್ಯ ಛಾಯಾಚಿತ್ರಗಳನ್ನು ಎಂದಿನಂತೆ ಜೆಪಿಜಿಯಲ್ಲಿಯೇ ಕಳುಹಿಸಬಹುದು. ಈಗಾಗಲೇ ಮುಂಗಡ ಕೊಟ್ಟಿರುವ ಕೆಲಸಗಳಿಗೆ ಹಳೆಯ ಪದ್ಧತಿಯೇ ಮುಂದುವರಿಯುತ್ತದೆ. ತಮ್ಮ ಲೋಗೊದ ಮೂಲ ಫೈಲು ಸಿಗದಿದ್ದರೆ ಹಳೆಯ ಲೇಬಲ್ ಅಥವಾ ಲೆಟರ್‌ಹೆಡ್ ಒಂದನ್ನು ಕೌಂಟರಿಗೆ ತಂದುಕೊಡಿ. ಅದನ್ನು ನೋಡಿ ಹೊಸದಾಗಿ ಬರೆದುಕೊಡಲು ಎಷ್ಟು ದಿನ ಬೇಕೆಂದು ಅಲ್ಲಿಯೇ ಹೇಳುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ವ್ಯವಸ್ಥಾಪಕರು, ಡಿಸೈನ್ ಮತ್ತು ಮುದ್ರಣ ವಿಭಾಗ