ಕನ್ನಡ ಬ್ಲಾಗಿನ ಸಂಪಾದನೆ: ಮೊದಲು ಲೆಕ್ಕ ಹೇಳಿ

ಮಾನ್ಯ ಸಂಪಾದಕರೇ,

ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದ ಕಂಬಗಳಿಂದ ಹಿಡಿದು ಮಣಿಪಾಲದ ಪಿ.ಜಿ.ಗಳ ಗೇಟಿನವರೆಗೆ ಈಗ ಒಂದೇ ಬಗೆಯ ಚೀಟಿ: ‘ಬ್ಲಾಗ್ ಬರೆಯಿರಿ, ಮನೆಯಲ್ಲೇ ಕುಳಿತು ತಿಂಗಳಿಗೆ ಅರ್ಧ ಲಕ್ಷ ಗಳಿಸಿ’. ಕೆಳಗೊಂದು ಮೊಬೈಲ್ ನಂಬರು, ತರಗತಿಯ ಶುಲ್ಕ. ಪತ್ರಿಕೆಗಳ ವರ್ಗೀಕೃತ ಪುಟಕ್ಕೂ ಇವು ಬಂದಿವೆ. ಡಿಗ್ರಿ ಮುಗಿಸಿದ ಹುಡುಗರು, ಕೆಲಸ ಬಿಟ್ಟು ಮಕ್ಕಳನ್ನು ನೋಡಿಕೊಳ್ಳುತ್ತಿರುವ ತಾಯಂದಿರು, ಗಲ್ಫಿನಿಂದ ಮರಳಿದವರು ದುಡ್ಡು ಕಟ್ಟಿ ಸೇರುತ್ತಿದ್ದಾರೆ. ಬ್ಲಾಗಿನಿಂದ ಹಣ ಬರುತ್ತದೆ, ಅದರಲ್ಲಿ ಸುಳ್ಳಿಲ್ಲ. ಆದರೆ ಎಷ್ಟು, ಎಲ್ಲಿಂದ, ಎಷ್ಟು ತಡವಾಗಿ ಎಂಬುದನ್ನು ಆ ಚೀಟಿಗಳು ಹೇಳುವುದಿಲ್ಲ. ಈ ಕೆಲಸ ಬಲ್ಲವರಾಗಿ ಆ ಭಾಗವನ್ನು ತಮ್ಮ ಓದುಗರ ಮುಂದಿಡುತ್ತಿದ್ದೇವೆ.

ಮೊದಲು ಲೆಕ್ಕ. ಹೆಚ್ಚಿನವರು ನೆಚ್ಚಿಕೊಳ್ಳುವುದು, ಬ್ಲಾಗಿನಲ್ಲಿ ಜಾಹೀರಾತು ತೋರಿಸಿ ಅದರ ಹಣದಲ್ಲಿ ಪಾಲು ಕೊಡುವ ಗೂಗಲ್ ಆ್ಯಡ್‌ಸೆನ್ಸನ್ನು. ಪುಟವನ್ನು ಸಾವಿರ ಬಾರಿ ಯಾರಾದರೂ ತೆರೆದರೆ 50 ರೂಪಾಯಿ ಬರುತ್ತದೆ ಎಂದು ಹಿಡಿಯೋಣ. ದಿನಕ್ಕೆ 500 ಪುಟವೀಕ್ಷಣೆ ಎಂದರೆ ಹೊಸ ಕನ್ನಡ ಬ್ಲಾಗಿಗೆ ಸಣ್ಣದಲ್ಲ. ಆದರೂ ತಿಂಗಳಿಗೆ 15,000 ವೀಕ್ಷಣೆ, 750 ರೂಪಾಯಿ. ಆ್ಯಡ್‌ಸೆನ್ಸ್ 100 ಡಾಲರ್ ತುಂಬುವವರೆಗೆ ಹಣ ಬಿಡುವುದಿಲ್ಲ. ಡಾಲರಿಗೆ 85 ರೂಪಾಯಿ ಹಿಡಿದರೆ 8,500 ರೂಪಾಯಿ, ಅಂದರೆ 1,70,000 ವೀಕ್ಷಣೆ. ಮೊದಲ ಪಾವತಿಗೆ ಹನ್ನೊಂದು ತಿಂಗಳು ದಾಟುತ್ತದೆ. ಅಷ್ಟರಲ್ಲಿ ಡೊಮೇನ್ (ತಾಣದ ಹೆಸರು) ನವೀಕರಣ, ಹೋಸ್ಟಿಂಗ್ (ತಾಣವನ್ನು ಇಡುವ ಜಾಗದ) ಬಾಡಿಗೆ ಕಿಸೆಯಿಂದ ಹೋಗಿರುತ್ತದೆ. ಮೊದಲ ವರ್ಷ 99 ರೂಪಾಯಿಗೆ ಕೊಟ್ಟ ಡೊಮೇನಿಗೆ ಎರಡನೇ ವರ್ಷ ಎಷ್ಟು ಎಂಬುದನ್ನು ಕೊಳ್ಳುವ ದಿನವೇ ಓದಿಕೊಳ್ಳಬೇಕು. ಹೋಸ್ಟಿಂಗಿನಲ್ಲಂತೂ ನವೀಕರಣದ ದರ ಮೊದಲಿನದರ ಎರಡು-ಮೂರು ಪಟ್ಟಾಗುವುದು ಮಾಮೂಲು.

ಕನ್ನಡಕ್ಕೆ ದರ ಕಡಿಮೆ ಯಾಕೆ? ಬಂದರು ದಕ್ಕೆಯ ಮೀನಿನ ಏಲಂ ಹಾಗೆಯೇ ಇಲ್ಲಿಯೂ: ಪ್ರತಿ ಜಾಹೀರಾತಿನ ಜಾಗವನ್ನು ಆ ಕ್ಷಣದಲ್ಲೇ ಕೂಗುತ್ತಾರೆ. ಕನ್ನಡ ಪುಟಕ್ಕೆ ಕೂಗುವ ಕಂಪೆನಿಗಳು ಕಡಿಮೆ. ಜಾಹೀರಾತುದಾರ ಕೊಟ್ಟದ್ದರಲ್ಲಿ ಒಟ್ಟು ಸುಮಾರು ಶೇ 68 ಬ್ಲಾಗಿನವರಿಗೆ ಬರುತ್ತದೆ. 2024ರ ಆರಂಭದಿಂದ ಕ್ಲಿಕ್ಕಿಗೆ ಬದಲು ಜಾಹೀರಾತು ಕಾಣಿಸಿಕೊಂಡದ್ದಕ್ಕೆ ಹಣ ಕೊಡುವ ಪದ್ಧತಿ ಬಂದಿದೆ. ಓದುಗ ಎಲ್ಲಿದ್ದಾನೆ ಎಂಬುದೂ ಬೆಲೆ ನಿರ್ಧರಿಸುತ್ತದೆ. ದುಬೈ, ಮಸ್ಕತ್, ಬಹ್ರೈನ್‌ನಲ್ಲಿ ಕೂತು ಓದುವ ನಮ್ಮೂರವರ ಒಂದು ವೀಕ್ಷಣೆಗೆ ಕಾರ್ಕಳದ ವೀಕ್ಷಣೆಗಿಂತ ಹೆಚ್ಚು ಸಿಗುವುದುಂಟು. ಎನ್‌ಆರ್‌ಐ ಖಾತೆ, ಊರಿನ ಜಾಗದ ಆರ್‌ಟಿಸಿ, ಪವರ್ ಆಫ್ ಅಟಾರ್ನಿ ಇಂಥ ವಿಷಯಗಳನ್ನು ಕನ್ನಡದಲ್ಲಿ ಸರಿಯಾಗಿ ಬರೆದವರು ಇನ್ನೂ ಕಡಿಮೆ. ಇನ್ನೊಂದು ಮಾತು: ಕನ್ನಡ ಆ್ಯಡ್‌ಸೆನ್ಸಿನ ಅಂಗೀಕೃತ ಭಾಷೆಗಳ ಪಟ್ಟಿಯಲ್ಲಿದೆ, ತುಳು, ಕೊಂಕಣಿ ಇಲ್ಲ. ಪೂರ್ತಿ ತುಳುವಿನಲ್ಲಿ ಬ್ಲಾಗ್ ಬರೆಯುವವರು ಈ ದಾರಿಯ ಹಣವನ್ನು ಲೆಕ್ಕಕ್ಕೆ ಹಿಡಿಯಬಾರದು. ಬರೆಯಲಿ, ಬೇರೆ ಕಾರಣಕ್ಕೆ ಬರೆಯಲಿ.

ವಿಷಯದ ಆಯ್ಕೆಯಲ್ಲಿಯೇ ಅರ್ಧ ಸೋಲು-ಗೆಲುವು ತೀರ್ಮಾನವಾಗುತ್ತದೆ. ‘ಸುದ್ದಿ, ಸಿನಿಮಾ, ಆರೋಗ್ಯ, ಉದ್ಯೋಗ’ ಎಂದು ನಾಲ್ಕು ವಿಭಾಗ ಮಾಡಿ ದಿನಪತ್ರಿಕೆಗಳ ಸುದ್ದಿಯನ್ನೇ ತಿರುಗಿಸಿ ಬರೆಯುವ ಬ್ಲಾಗುಗಳು ನೂರಾರಿವೆ. ಹುಡುಕಾಟದಲ್ಲಿ ಅವು ಪತ್ರಿಕೆಗಳ ಹಿಂದೆಯೇ ಉಳಿಯುತ್ತವೆ. ಅಡಿಕೆಯ ಕೊಳೆರೋಗವನ್ನು ತೆಗೆದುಕೊಳ್ಳಿ. ಬೆಳೆಗಾರ ಹುಡುಕುವುದು ರೋಗದ ವ್ಯಾಖ್ಯಾನವನ್ನಲ್ಲ. ಅದಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂದ ಮೇಲೆ ಯಾವುದನ್ನು ಯಾವುದಕ್ಕೆ ಹೊಯ್ಯಬೇಕು, ಸುಣ್ಣ ಹಳತಾದರೆ ಏನಾಗುತ್ತದೆ, ದ್ರಾವಣಕ್ಕೆ ಅದ್ದಿದ ಚೂರಿ ಕೆಂಪಗಾದರೆ ಏನು ಮಾಡಬೇಕು, ಮಳೆಗೆ ಮುಂಚಿನ ಸಿಂಪಡಣೆಯಾಗಿ 40–45 ದಿನಕ್ಕೆ ಎರಡನೆಯದು ಎಂದಾಗ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಮಳೆ ಬಿಡದಿದ್ದರೆ ಹೇಗೆ – ಇವು ಅವನ ಪ್ರಶ್ನೆಗಳು. ಇಷ್ಟಕ್ಕೂ ಒಂದೇ ಪುಟದಲ್ಲಿ ಚಿತ್ರಸಹಿತ ಉತ್ತರ ಕೊಟ್ಟ ಲೇಖನ ಪ್ರತಿ ಮಳೆಗಾಲದಲ್ಲೂ ಓದುಗರನ್ನು ತರುತ್ತದೆ. ಹೊಸ ತಾಣದ ಪುಟ ಗೂಗಲ್ ಹುಡುಕಾಟದಲ್ಲಿ ನೆಲೆಯೂರಲು ವಾರಗಳೇ ಬೇಕಾಗುವುದರಿಂದ ಅದನ್ನು ಜೂನ್‌ನಲ್ಲಿ ಹಾಕಿ ಪ್ರಯೋಜನವಿಲ್ಲ, ಮಾರ್ಚ್–ಏಪ್ರಿಲ್‌ನಲ್ಲಿ ಹಾಕಬೇಕು. ಉಡುಪಿ ಪರ್ಯಾಯದ ವಸತಿ, ಪಾರ್ಕಿಂಗ್ ಮಾಹಿತಿ ಬರೆಯುವವರೂ ಹಾಗೆಯೇ: ಸಮಸಂಖ್ಯೆಯ ವರ್ಷದ ಜನವರಿ 18ರ ಹಬ್ಬಕ್ಕೆ ಹಿಂದಿನ ಅಕ್ಟೋಬರಿನಲ್ಲೇ ಪುಟ ಸಿದ್ಧವಿರಬೇಕು.

ತಾಂತ್ರಿಕವಾಗಿ ಶುರುಮಾಡಲು ಗೂಗಲಿನ ಬ್ಲಾಗರ್ ಸಾಕು. ಹೋಸ್ಟಿಂಗ್ ಪುಕ್ಕಟೆ, ಸ್ವಂತ ಡೊಮೇನ್ ಮಾತ್ರ ಕೊಂಡರಾಯಿತು. ಡೊಮೇನ್ ಜೋಡಿಸುವಾಗ ಬ್ಲಾಗರ್ ಎರಡು ಸಿ-ನೇಮ್ ದಾಖಲೆ (ಡೊಮೇನನ್ನು ಬ್ಲಾಗಿಗೆ ಜೋಡಿಸುವ ಸಾಲು) ಕೊಡುತ್ತದೆ; ಎರಡನ್ನೂ ಡೊಮೇನ್ ಕೊಂಡಲ್ಲಿಯ ಖಾತೆಯಲ್ಲಿ ಹಾಕಬೇಕು. ಡಬ್ಲ್ಯು ಡಬ್ಲ್ಯು ಡಬ್ಲ್ಯು ಇಲ್ಲದೆ ಟೈಪ್ ಮಾಡಿದವರಿಗೂ ತಾಣ ತೆರೆಯುವಂತೆ ಮರುನಿರ್ದೇಶನ ಗುಂಡಿಯನ್ನು ಒತ್ತಲು ಬಹಳ ಜನ ಮರೆಯುತ್ತಾರೆ. ಬ್ಲಾಗ್ ನಡೆಸುವ ಇನ್ನೊಂದು ವ್ಯವಸ್ಥೆಯಾದ ವರ್ಡ್‌ಪ್ರೆಸ್ ಬೇಡವೆಂದಲ್ಲ, ಆದರೆ ಪ್ಲಗಿನ್ ಅಪ್‌ಡೇಟ್, ಬ್ಯಾಕಪ್, ಹ್ಯಾಕ್ ಈ ಮಂಡೆಬಿಸಿ ಹೊರುವಷ್ಟು ಆದಾಯ ಬಂದ ಮೇಲೆ ಅದಕ್ಕೆ ಹೋಗಬಹುದು.

ಕನ್ನಡದಲ್ಲಿ ಬರೆಯುವವರಿಗಷ್ಟೇ ಬರುವ ತೊಡಕುಗಳನ್ನು ತರಗತಿಗಳಲ್ಲಿ ಯಾರೂ ಹೇಳಿಕೊಡುವುದಿಲ್ಲ, ಅಲ್ಲಿಯ ಪಾಠವೆಲ್ಲ ಇಂಗ್ಲಿಷ್ ಬ್ಲಾಗಿನದು. ಬ್ಲಾಗರ್‌ನಲ್ಲಿ ಶೀರ್ಷಿಕೆ ಕನ್ನಡದಲ್ಲಿದ್ದರೆ ಪುಟದ ವಿಳಾಸ ತಾನಾಗಿ ‘ಬ್ಲಾಗ್-ಪೋಸ್ಟ್ 17’ ಎಂಬಂತೆ ಅರ್ಥವಿಲ್ಲದ್ದಾಗುತ್ತದೆ. ಪ್ರಕಟಿಸುವ ಮೊದಲೇ ಪರ್ಮಾಲಿಂಕ್ (ಪುಟದ ಕಾಯಂ ವಿಳಾಸ) ವಿಭಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಚಿಕ್ಕ ವಿಳಾಸ ಕೊಡಬೇಕು. ಆಮೇಲೆ ಬದಲಿಸಿದರೆ ಅಷ್ಟರಲ್ಲಿ ವಾಟ್ಸ್‌ಆ್ಯಪಿನಲ್ಲಿ ಹಂಚಿಹೋದ ಕೊಂಡಿಗಳೆಲ್ಲ ಸತ್ತುಹೋಗುತ್ತವೆ. ವರ್ಡ್‌ಪ್ರೆಸ್ ಕನ್ನಡ ವಿಳಾಸವನ್ನು ಇಟ್ಟುಕೊಳ್ಳುತ್ತದೆ ನಿಜ, ಆದರೆ ಅದನ್ನು ನಕಲು ಮಾಡಿದಾಗ ಪ್ರತಿ ಅಕ್ಷರವೂ ಸ್ವರಚಿಹ್ನೆಯೂ ಒಂಬತ್ತೊಂಬತ್ತು ಸಂಕೇತಗಳಾಗಿ ಒಡೆಯುತ್ತದೆ. ‘ಕೊಳೆರೋಗ’ ಎಂಬ ನಾಲ್ಕಕ್ಷರ, ಮೂರು ಸ್ವರಚಿಹ್ನೆಗಳೂ ಸೇರಿ, 63 ಸಂಕೇತಗಳ ಸಾಲಾಗುತ್ತದೆ. ಅದನ್ನು ನೋಡಿದವರು ವೈರಸ್ ಕೊಂಡಿ ಎಂದು ಒತ್ತುವುದೇ ಇಲ್ಲ.

ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳನ್ನು ಹಾಗೆಯೇ ತಂದು ಅಂಟಿಸಿದರೆ ಹುಡುಕಾಟ ಯಂತ್ರಕ್ಕೆ ಅದು ಕನ್ನಡವೇ ಅಲ್ಲ. ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಯುನಿಕೋಡ್ ಲಿಪಿಸಂಕೇತಕ್ಕೆ ಪರಿವರ್ತಿಸಿ, ಪರಿವರ್ತಿಸಿದ ಮೇಲೆ ಅರ್ಕಾವೊತ್ತು ಮತ್ತು ಒತ್ತಕ್ಷರಗಳನ್ನು ಒಮ್ಮೆ ಕಣ್ಣಾರೆ ಓದಬೇಕು. ಜನ ಹುಡುಕುವ ರೀತಿಯೂ ಒಂದೇ ಅಲ್ಲ: ನೀರುದೋಸೆ, ನೀರ್ ದೋಸೆ, ನೀರ್‌ದೋಸೆ, ಮತ್ತೆ ಇಂಗ್ಲಿಷ್ ಅಕ್ಷರದಲ್ಲಿ ಅದೇ ಹೆಸರು. ಹುಡುಕಾಟದ ಅಂಕಿ ತೋರಿಸುವ ಗೂಗಲಿನ ಸರ್ಚ್ ಕನ್ಸೋಲ್‌ನಲ್ಲಿ ಯಾವ ರೂಪದಿಂದ ಎಷ್ಟು ಜನ ಬಂದರು ಎಂಬುದು ಕಾಣುತ್ತದೆ. ಹೆಚ್ಚು ಬರುವ ರೂಪ ಶೀರ್ಷಿಕೆಗೆ, ಉಳಿದವು ಬರಹದ ನಡುವೆ ಸಹಜವಾಗಿ ಬಂದರೆ ಸಾಕು. ಚಿತ್ರದ ವಿಷಯದಲ್ಲಿ, ಫೋನಿನ 4–5 ಎಂಬಿ ಫೋಟೊವನ್ನು 1,200 ಪಿಕ್ಸೆಲ್ ಅಗಲಕ್ಕೆ ಇಳಿಸಿ ವೆಬ್‌ಪಿ ರೂಪದಲ್ಲಿ 150 ಕೆಬಿಯೊಳಗೆ ತನ್ನಿ. ಇಲ್ಲದಿದ್ದರೆ ಆಗುಂಬೆ ಬುಡದ ನೆಟ್‌ವರ್ಕಿನಲ್ಲಿ ಪುಟ ತೆರೆಯುವುದಿಲ್ಲ.

ಆ್ಯಡ್‌ಸೆನ್ಸ್ ಅರ್ಜಿಗೆ ಇಷ್ಟೇ ಲೇಖನ ಇರಬೇಕು, ಇಷ್ಟೇ ವೀಕ್ಷಣೆ ಇರಬೇಕು ಎಂಬ ನಿಯಮ ಗೂಗಲಿನಲ್ಲಿ ಎಲ್ಲಿಯೂ ಇಲ್ಲ. ‘ಮೂವತ್ತು ಪೋಸ್ಟ್ ಕಡ್ಡಾಯ’ ಎಂಬುದು ತರಗತಿಯವರ ಸೃಷ್ಟಿ. ವಯಸ್ಸು 18 ಆಗಿರಬೇಕು. ತಾಣದ ಪರಿಚಯ, ಸಂಪರ್ಕ, ಖಾಸಗಿತನ ನೀತಿಯ ಪುಟ ಇಟ್ಟುಕೊಳ್ಳಿ. ತಿರಸ್ಕಾರ ಬರುವುದು ಹೆಚ್ಚಾಗಿ ‘ಕಡಿಮೆ ಮೌಲ್ಯದ ವಿಷಯ’ ಎಂದು. ಅರ್ಥ, ಬೇರೆಡೆ ಸಿಗುವುದನ್ನೇ ಬರೆದಿದ್ದೀರಿ ಅಥವಾ ಖಾಲಿ ವಿಭಾಗಗಳನ್ನು ಬಿಟ್ಟಿದ್ದೀರಿ. ಇನ್ನೊಂದು ಸಾಮಾನ್ಯ ಕಾರಣ: ಹಿಂದೆ ಯೂಟ್ಯೂಬಿಗಾಗಿ ಅದೇ ಹೆಸರಿನಲ್ಲಿ ಖಾತೆ ತೆರೆದಿದ್ದು ಮರೆತುಹೋಗಿರುತ್ತದೆ. ಒಬ್ಬರಿಗೆ ಒಂದೇ ಖಾತೆ. ಹೊಸದು ತೆರೆಯದೆ, ಇರುವ ಖಾತೆಗೇ ತಾಣವನ್ನು ಸೇರಿಸಬೇಕು.

ಆ ಖಾತೆಯಲ್ಲಿ 10 ಡಾಲರ್ ಆದಾಗ ವಿಳಾಸ ಪರಿಶೀಲನೆಯ ಪಿನ್ (ಗುಪ್ತ ಸಂಖ್ಯೆ) ಗೂಗಲಿನಿಂದ ಸಾದಾ ಅಂಚೆಯಲ್ಲಿ ಬರುತ್ತದೆ, ಟ್ರ್ಯಾಕಿಂಗ್ ಇಲ್ಲ. ನಮ್ಮ ಕಡೆ ವಿಳಾಸವೆಂದರೆ ಮನೆಯ ಹೆಸರು ಮತ್ತು ಗ್ರಾಮ. ಅಂಚೆ ಕಚೇರಿಯ ಹೆಸರನ್ನು, ಪಿನ್‌ಕೋಡನ್ನು ಬಿಡದೆ ಬರೆದು, ಪೋಸ್ಟಿನವರಿಗೂ ಒಂದು ಮಾತು ಹೇಳಿಡಿ. ನಾಲ್ಕು ತಿಂಗಳೊಳಗೆ ಪಿನ್ ತುಂಬದಿದ್ದರೆ ಜಾಹೀರಾತು ನಿಲ್ಲುತ್ತದೆ. ಹಲವು ಬಾರಿ ತರಿಸಿದರೂ ಬಾರದಿದ್ದರೆ ಗುರುತಿನ ಚೀಟಿ ಅಪ್‌ಲೋಡ್ ಮಾಡುವ ದಾರಿಯುಂಟು.

ಬ್ಯಾಂಕಿನ ವಿವರದಲ್ಲಿ ನಮ್ಮ ಜಿಲ್ಲೆಗಳಿಗೇ ವಿಶೇಷವಾದ ತಾಪತ್ರಯವೊಂದಿದೆ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ, ಸಿಂಡಿಕೇಟ್ ಬ್ಯಾಂಕ್ ಕೆನರಾದೊಳಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ 2020ರ ಏಪ್ರಿಲ್ 1ರಂದು ಸೇರಿಹೋದವು. ಮನೆಯ ಹಳೆಯ ಪಾಸ್‌ಬುಕ್ ನೋಡಿ ಐಎಫ್‌ಎಸ್‌ಸಿ, ಸ್ವಿಫ್ಟ್ ಕೋಡ್ (ವಿದೇಶದ ಹಣ ಬರಲು ಬೇಕಾದ ಬ್ಯಾಂಕ್ ಸಂಕೇತ) ತುಂಬಿದರೆ ಹಣ ಮರಳಿಹೋಗುತ್ತದೆ. ಹಳ್ಳಿಯ ಶಾಖೆಗೆ ಸ್ವಿಫ್ಟ್ ಕೋಡ್ ಇರುವುದಿಲ್ಲ. ವಿದೇಶಿ ವಿನಿಮಯ ನೋಡಿಕೊಳ್ಳುವ ಶಾಖೆಯದನ್ನು ಕೇಳಿ ಪಡೆಯಬೇಕು. ಖಾತೆಯ ಹೆಸರು ಆ್ಯಡ್‌ಸೆನ್ಸಿನ ಹೆಸರಿಗೆ ಅಕ್ಷರಶಃ ಹೊಂದಬೇಕು. ಹಣ ಹೊರಡುವುದು ತಿಂಗಳ 21ರಿಂದ 26ರ ನಡುವೆ. ವಿದೇಶದ ಹಣ ಯಾತಕ್ಕೆ ಬಂತೆಂದು ತಿಳಿಸುವ ಉದ್ದೇಶ ಸಂಕೇತವನ್ನು ಬ್ಯಾಂಕ್ ಕೇಳಿದರೆ ಜಾಹೀರಾತು ಸೇವೆಯದು ಪಿ1007. ಪ್ರತಿ ಜಮೆಗೂ ಬ್ಯಾಂಕ್ ಶುಲ್ಕ ಮುರಿಯುವುದರಿಂದ, ಪಾವತಿ ಮಿತಿಯನ್ನು ಏರಿಸಿಟ್ಟು ಎರಡು-ಮೂರು ಕಂತು ಒಟ್ಟಿಗೆ ತರಿಸಿಕೊಳ್ಳುವುದು ಜಾಣತನ.

ಖಾತೆ ಕಳೆದುಕೊಳ್ಳುವ ಅತಿ ಸುಲಭ ದಾರಿಯೆಂದರೆ ‘ನನ್ನ ಬ್ಲಾಗಿನ ಜಾಹೀರಾತು ಒತ್ತಿ, ನಿಮ್ಮದನ್ನು ನಾನು ಒತ್ತುತ್ತೇನೆ’ ಎಂಬ ವಾಟ್ಸ್‌ಆ್ಯಪ್ ಗುಂಪು. ಒಂದೇ ಊರಿನ ಕೆಲವೇ ಫೋನುಗಳಿಂದ ಬರುವ ಕ್ಲಿಕ್ಕನ್ನು ಯಂತ್ರ ಹಿಡಿಯದೆ ಬಿಡುವುದಿಲ್ಲ. ಖಾತೆ ಮುಚ್ಚಿದರೆ ಸೇರಿದ್ದ ಹಣ ಜಾಹೀರಾತುದಾರರಿಗೆ ಮರಳುತ್ತದೆ.

ಈಗಿನ ಹೊಸ ಪಾಠ ಎಐ ಬಳಸಿ ದಿನಕ್ಕೆ ಐವತ್ತು ಲೇಖನ ಹಾಕುವುದು. ಹುಡುಕಾಟದಲ್ಲಿ ಮೇಲೆ ಬರಲಿಕ್ಕೆಂದೇ ರಾಶಿರಾಶಿಯಾಗಿ ಹುಟ್ಟಿಸಿದ ಪುಟಗಳನ್ನು, ಯಂತ್ರ ಬರೆಯಲಿ ಮನುಷ್ಯ ಬರೆಯಲಿ, ಗೂಗಲ್ 2024ರ ಮಾರ್ಚ್‌ನಲ್ಲಿ ಸ್ಪ್ಯಾಮ್ ನೀತಿಯೊಳಗೆ ತಂದಿದೆ. ಅದೇ ವರ್ಷ ಆಗಸ್ಟ್‌ನಿಂದ ಭಾರತದಲ್ಲಿ ಹುಡುಕಾಟದ ನೆತ್ತಿಯಲ್ಲೇ ಎಐ ಉತ್ತರ ಕಾಣಿಸತೊಡಗಿದೆ. ‘ಎಂದರೇನು’ ಎಂಬ ಬಗೆಯ ಲೇಖನ ಬರೆದವರಿಗೆ ಓದುಗರು ಬರುವುದು ಇನ್ನಷ್ಟು ಕಡಿಮೆಯಾಗುತ್ತದೆ.

ಹಾಗಾದರೆ ಹಣ ಎಲ್ಲಿದೆ? ನಮ್ಮ ತಿಳಿವಳಿಕೆಯಂತೆ, ಊರಿನಲ್ಲೇ. ಕೃಷಿ ಬ್ಲಾಗಿಗೆ ಪುತ್ತೂರಿನ ನರ್ಸರಿಯೋ ಪಂಪ್‌ಸೆಟ್ ಅಂಗಡಿಯೋ, ಪ್ರವಾಸದ ಬ್ಲಾಗಿಗೆ ಮಲ್ಪೆಯ ಹೋಮ್‌ಸ್ಟೇಯೋ ತಿಂಗಳಿಗೆ 1,000 ರೂಪಾಯಿಯ ಒಂದು ಜಾಹೀರಾತು ಕೊಟ್ಟರೆ ಅದು ಮೇಲಿನ ಲೆಕ್ಕದ 20,000 ವೀಕ್ಷಣೆಗೆ ಸಮ. ಇಂಥ ಜಾಹೀರಾತನ್ನು ಕ್ಲಿಕ್ಕಿನ ಲೆಕ್ಕದಲ್ಲಿ ಮಾರಬೇಡಿ, ತಿಂಗಳ ಲೆಕ್ಕದಲ್ಲಿ ಮಾರಿ. ಅಂಗಡಿಯವರಿಗೆ ಸರ್ಚ್ ಕನ್ಸೋಲಿನ ಅಂಕಿ ತೋರಿಸಿ, ಬಿಲ್ ಕೊಡಿ, ಕೊಂಡಿಗೆ ಹಣ ಪಡೆದದ್ದೆಂದು ಗೂಗಲಿಗೆ ತಿಳಿಸುವ ‘ಸ್ಪಾನ್ಸರ್ಡ್’ ಗುರುತು ಹಾಕಿ. ಅಮೆಜಾನಿನ ಕಮಿಷನ್ ಕೊಂಡಿಗಳೂ ಉಂಟು, ಆದರೆ 180 ದಿನದೊಳಗೆ ಮೂರು ಮಾರಾಟ ಆಗದಿದ್ದರೆ ಆ ಖಾತೆ ಮುಚ್ಚುತ್ತದೆ. ಹಣ ಅಥವಾ ವಸ್ತು ಪಡೆದು ಬರೆದದ್ದನ್ನು ಲೇಖನದ ಆರಂಭದಲ್ಲೇ ಕನ್ನಡದಲ್ಲಿ ಹೇಳಬೇಕು. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ ದಂಡವಿದೆ. ಆದಾಯ ಸಣ್ಣದಾದರೂ ತೆರಿಗೆ ವಿವರದಲ್ಲಿ ತೋರಿಸಿ. ಜಿಎಸ್‌ಟಿ ನೋಂದಣಿ ಸೇವೆಗಳಿಗೆ ಸಾಮಾನ್ಯವಾಗಿ ಬೇಕಾಗುವುದು ವಾರ್ಷಿಕ ವಹಿವಾಟು 20 ಲಕ್ಷ ದಾಟಿದಾಗ.

ತಮ್ಮಲ್ಲಿ ಎರಡು ಕೋರಿಕೆ. ‘ಅನುಮೋದಿತ ಆ್ಯಡ್‌ಸೆನ್ಸ್ ಖಾತೆ ಮಾರಾಟಕ್ಕಿದೆ’ ಎಂಬ ವರ್ಗೀಕೃತ ಜಾಹೀರಾತನ್ನು ದಯವಿಟ್ಟು ಸ್ವೀಕರಿಸಬೇಡಿ. ಖಾತೆಯನ್ನು ಇನ್ನೊಬ್ಬರಿಗೆ ದಾಟಿಸುವುದು ನಿಯಮಬಾಹಿರ, ಕೊಂಡವರ ಕೈಗೆ ಉಳಿಯುವುದು ಮುಚ್ಚಿದ ಖಾತೆ. ತರಗತಿಗಳ ಜಾಹೀರಾತು ತೆಗೆದುಕೊಳ್ಳುವಾಗ, ಕಲಿಸುವವರು ಸ್ವತಃ ನಡೆಸುತ್ತಿರುವ ಕನ್ನಡ ಬ್ಲಾಗಿನ ವಿಳಾಸವನ್ನು ಅದರಲ್ಲೇ ಅಚ್ಚು ಹಾಕಿಸುವ ಷರತ್ತು ವಿಧಿಸಿದರೆ ಓದುಗರು ಶುಲ್ಕ ಕಟ್ಟುವ ಮೊದಲು ತೆರೆದು ನೋಡಬಹುದು.

ಇತಿ,
ತಮ್ಮ ಓದುಗರು,
ಕುಂಜಿಬೆಟ್ಟು, ಉಡುಪಿ