ನ್ಯಾಯಾಧೀಶರ ಜೊತೆ ಸ್ಟೆನೊ, ಅಮೀನರೂ ಬೇಕು

ಮಾನ್ಯ ಸಂಪಾದಕರೇ,

ಕೇಸುಗಳಿಂದ ತುಂಬಿ ತುಳುಕುವ ತಾಲ್ಲೂಕು ಕೋರ್ಟುಗಳಿಗೆ ಹೆಚ್ಚುವರಿ ಸಿವಿಲ್ ನ್ಯಾಯಾಧೀಶರನ್ನು ಕೊಡಿ ಎಂಬ ಬೇಡಿಕೆ ನ್ಯಾಯವಾದದ್ದೇ. ಹತ್ತು ಲಕ್ಷ ಜನರಿಗೆ 50 ನ್ಯಾಯಾಧೀಶರು ಇರಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ದೇಶ ಇನ್ನೂ ಅದರ ಅರ್ಧವನ್ನೂ ಮುಟ್ಟಿಲ್ಲ.

ಆದರೆ ನ್ಯಾಯಾಧೀಶರೊಬ್ಬರೇ ಬಂದರೆ ಸಾಲದು. ಕೋರ್ಟ್ ಕಚೇರಿ ನೋಡಿಕೊಳ್ಳುವ ಶಿರಸ್ತೇದಾರ್, ಬೆಂಚ್ ಕ್ಲರ್ಕ್, ಸ್ಟೆನೊ, ಸಮನ್ಸ್ ಜಾರಿ ಮಾಡುವ ಅಮೀನರ ಹುದ್ದೆಗಳೂ ಅದೇ ಆದೇಶದಲ್ಲಿ ಮಂಜೂರಾಗಬೇಕು. ಇಲ್ಲದಿದ್ದರೆ ಇರುವ ಸಿಬ್ಬಂದಿಯನ್ನೇ ಹಂಚಿಕೊಂಡು ಹಳೆಯದು, ಹೊಸದು ಎರಡೂ ಕೋರ್ಟುಗಳು ಕುಂಟುತ್ತವೆ. ಸರ್ಕಾರದ ಪರ ಕ್ರಿಮಿನಲ್ ಕೇಸು ನಡೆಸುವ ಸಹಾಯಕ ಸರ್ಕಾರಿ ಅಭಿಯೋಜಕರು ಒಬ್ಬರೇ ಇದ್ದರಂತೂ ಮುಗಿಯಿತು: ಅವರು ಒಂದು ಹಾಲ್‌ನಲ್ಲಿ ಸಿಲುಕಿರುವಾಗ ಇನ್ನೊಂದರ ಸಾಕ್ಷಿ ಸಂಜೆವರೆಗೆ ಜಗಲಿಯಲ್ಲಿ ಕೂತು, ಮುಂದಿನ ವಾಯ್ದೆ ಬರೆದುಕೊಂಡು ಬಸ್ಸು ಹತ್ತುತ್ತಾನೆ.

ಕಡತ ಹಂಚುವಾಗಲೂ ಎಚ್ಚರ ಬೇಕು. ವಾದದ ಹಂತಕ್ಕೆ ಬಂದ ಹಳೆಯ ದಾವೆಗಳನ್ನು ಹೊಸ ಕೋರ್ಟಿಗೆ ಸಾಗಹಾಕಿದರೆ ಸಾಕ್ಷ್ಯ ಕೇಳಿದವರೊಬ್ಬರು, ತೀರ್ಪು ಬರೆಯುವವರು ಇನ್ನೊಬ್ಬರು. ಸಮನ್ಸ್ ಹಂತದ ದಾವೆಗಳನ್ನು, ಚೆಕ್‌ಬೌನ್ಸ್ ಪ್ರಕರಣಗಳನ್ನು ಕೊಡುವುದು ಲೇಸು. (ಚೆಕ್ ಪ್ರಕರಣ ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂಬ ಕಾನೂನಿದೆ, ಕಾಗದದ ಮೇಲೆ!) ವರ್ಗಾವಣೆಯನ್ನು ಅದೇ ದಿನ ಕೋರ್ಟುಗಳ ಆನ್‌ಲೈನ್ ವ್ಯವಸ್ಥೆ ಇ–ಕೋರ್ಟ್ಸ್‌ನಲ್ಲಿ ದಾಖಲಿಸಿ, ನೋಟಿಸ್ ಬೋರ್ಡಿಗೂ ಅಂಟಿಸಬೇಕು. ಇಲ್ಲವಾದರೆ ಆರೋಪಿ ಹಳೆಯ ಹಾಲ್ ಮುಂದೆ ಕಾಯುತ್ತಿರುತ್ತಾನೆ, ಹೊಸ ಹಾಲ್‌ನಲ್ಲಿ ಗೈರುಹಾಜರಿಗೆ ವಾರಂಟ್ ಹೊರಟಿರುತ್ತದೆ.

– ತಾಲ್ಲೂಕು ಕೋರ್ಟಿನ ಕೆಲವು ವಕೀಲರು